‘ಎಂತಕ್ಕೆ?’ ಎಂದು ಕೇಳುವ ಜೆರಾಕ್ಸ್ ಅಂಗಡಿ

ಬೆಳಗಿನ ಆರು ಗಂಟೆ. ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಗುಲ್ಜಾರ್ ಬೇಗಂ ಒಂದೊಂದೇ ಹಾಳೆಯನ್ನು ಬೆಂಕಿಗೆ ಹಾಕುತ್ತಿದ್ದಾರೆ. ಮಸುಕಾಗಿ ಬಂದ ಎಲೆಕ್ಷನ್ ಕಾರ್ಡು, ಅರ್ಧ ಮುಖವಷ್ಟೇ ಮೂಡಿದ ರೇಷನ್ ಕಾರ್ಡು, ಸೊಟ್ಟಗೆ ಬಿದ್ದ ಪಹಣಿ. ಹಿಂದಿನ ದಿನ ಅಂಗಡಿಯಲ್ಲಿ ಹಾಳಾದ ಪ್ರತಿಗಳಿವು. ಬೇರೆಡೆ ಇಂಥ ಹಾಳೆಗಳಲ್ಲಿ ಕಡಲೆಕಾಯಿ ಕಟ್ಟಿ ಕೊಡುತ್ತಾರೆ, ಇಲ್ಲಿ ಸ್ನಾನದ ನೀರು ಕಾಯುತ್ತದೆ. ಕೊನೆಯ ಹಾಳೆ ಕಪ್ಪಾಗಿ ಮುರುಟುವವರೆಗೂ ಅವರು ಏಳುವುದಿಲ್ಲ.

ಎಂಟಕ್ಕೆ ಶೃಂಗೇರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿಯ ಶಟರ್ ಮೇಲೇಳುತ್ತದೆ. ಒಂದು ಜೆರಾಕ್ಸ್ ಯಂತ್ರ, ಮೊಬೈಲ್ ಕರೆನ್ಸಿ, ಒಂದು ಕಾಯಿನ್ ಫೋನು. ಇಲ್ಲಿ ಪ್ರತಿ ತೆಗೆಸುವುದು ಅಷ್ಟು ಸಲೀಸಲ್ಲ. ಕಾಗದ ಕೈಗೆ ಬಂದ ಕೂಡಲೇ ಗುಲ್ಜಾರಕ್ಕ ‘ಎಂತಕ್ಕೆ?’ ಎಂದು ಕೇಳುತ್ತಾರೆ. ಸಿಮ್ಮಿಗೆ ಎಂದರೆ ಪ್ರತಿಯ ಮೇಲೆ ಅಡ್ಡಡ್ಡ ‘ಸಿಮ್ಮಿಗೆ ಮಾತ್ರ’ ಎಂದು ನೀಲಿ ಪೆನ್ನಿನಲ್ಲಿ ಬರೆದು, ತಾರೀಕು ಹಾಕಿಯೇ ಕೊಡುವುದು. ಮಗಳ ಶಾಲೆಯ ಕಾಗದ ಹಿಡಿದು ಮೊದಲ ಸಲ ಹೋದಾಗ, ಬಸ್ಸಿನ ಹೊತ್ತಾಯಿತೆಂದು ನನಗೂ ಸಿಟ್ಟು ಬಂದಿತ್ತು. ‘ಒಂದು ರೂಪಾಯಿಗೆ ಇಷ್ಟು ವಿಚಾರಣೆ ಪೊಲೀಸ್ ಸ್ಟೇಷನ್ನಲ್ಲೂ ಇಲ್ಲ’ ಎಂದು ಪಕ್ಕದ ಹೋಟೆಲಿನ ಮಂಜಯ್ಯ ಈಗಲೂ ರೇಗಿಸುತ್ತಾರೆ.

ಟೆಂಪೊ ಓಡಿಸುತ್ತಿದ್ದ ಗಂಡ ಶರೀಫರ ಸೊಂಟ ಅಪಘಾತದಲ್ಲಿ ಮುರಿದ ಮೇಲೆ, ಏಳನೇ ಕ್ಲಾಸು ಓದಿದ ಗುಲ್ಜಾರ್ ಅಂಗಡಿಗೆ ಕೂತರು. ಯಂತ್ರಕ್ಕೆ ಮಸಿಪುಡಿ ತುಂಬುವುದನ್ನು ಕೈ ಕಪ್ಪಾಗಿಸಿಕೊಂಡೇ ಕಲಿತರು. ಮೂರು ವರ್ಷದ ಕೆಳಗೆ ಸಂತೆಯಲ್ಲಿ ಮೂಟೆ ಹೊರುವ ಹೂವಪ್ಪನನ್ನು ಪೊಲೀಸರು ಕರೆದೊಯ್ದರು. ಅವನ ಕಾರ್ಡಿನ ಪ್ರತಿ ಇಟ್ಟು ಯಾರೋ ಸಿಮ್ಮು ಕೊಂಡು, ಬೆದರಿಕೆಯ ಫೋನು ಮಾಡಿದ್ದರು. ಹೂವಪ್ಪನ ಹತ್ತಿರ ಆಗ ಫೋನೇ ಇರಲಿಲ್ಲ. ಆ ಪ್ರತಿ ಯಾವ ಅಂಗಡಿಯಿಂದ ಹೋಯಿತೋ ಇವತ್ತಿಗೂ ಗೊತ್ತಾಗಿಲ್ಲ. ಮುಂದೆಂದೂ ತಮ್ಮ ಅಂಗಡಿಯಿಂದ ಹೋಗಬಾರದು ಎಂದು ಗುಲ್ಜಾರ್ ಅಂದೇ ಗಟ್ಟಿ ಮಾಡಿಕೊಂಡರು.

ಆ ಹಟದ ನಿಜವಾದ ಪರೀಕ್ಷೆ ಬಂದದ್ದು ಕಳೆದ ಜನವರಿಯಲ್ಲಿ, ರಘುಪತಿಯ ಕೈಚೀಲದಲ್ಲಿ.

ಸಿರಿಮನೆಯ ಆಚೆ, ಹಳ್ಳ ದಾಟಿದರೆ ಸಿಗುವ ಹದಿನಾರು ಮನೆಗಳ ಊರು ರಘುಪತಿಯದು. ಪೇಟೆಗೆ ಹೊರಟವರು ಊರಿನ ಎಲ್ಲರ ಕೆಲಸವನ್ನೂ ಹೊತ್ತು ತರುವುದು ಅಲ್ಲಿಯ ರೂಢಿ. ಒಬ್ಬರ ಮಾತ್ರೆ, ಇನ್ನೊಬ್ಬರ ಮಿಕ್ಸಿ ರಿಪೇರಿ. ಬ್ಯಾಂಕಿನವರು ಎಟಿಎಂ ಕಾರ್ಡು ಕೊಟ್ಟ ಮೇಲೆ ಅದೂ ಸೇರಿತು. ಕಾರ್ಡು ಕೊಟ್ಟು, ಗುಟ್ಟಿನ ನಂಬರು ಹೇಳಿ ಕಳಿಸುತ್ತಾರೆ. ಹೆಚ್ಚಿನ ಸಲ ಪೇಟೆಗೆ ಬರುವವರು ರಘುಪತಿಯೇ, ಹಾಗಾಗಿ ಅಷ್ಟೂ ಮನೆಗಳ ನಂಬರು ಅವರಿಗೆ ಬಾಯಿಪಾಠ.

ಅಂದು ಅವರು ಮೇಜಿನ ಮೇಲೆ ಸುರಿದದ್ದು ಊರಿನ ಎಲ್ಲ ಎಲೆಕ್ಷನ್ ಕಾರ್ಡು, ಪಾಸ್‌ಬುಕ್ಕು, ಎಟಿಎಂ ಕಾರ್ಡುಗಳನ್ನು. ಗುಲ್ಜಾರ್ ಎಂದಿನಂತೆ ಕೇಳಿದರು. ಊರಿಗೆ ಮೊಬೈಲ್ ಟವರ್ ಬರುತ್ತದೆ, ಕಂಪನಿಯವರು ಫೋನ್ ಮಾಡಿದ್ದಾರೆ, ಪ್ರತಿ ಮನೆಯ ಒಪ್ಪಿಗೆಗೆ ಇವೆಲ್ಲದರ ಪ್ರತಿ ಅಂಚೆಯಲ್ಲಿ ಕಳಿಸಬೇಕು ಎಂದು ರಘುಪತಿ ವಿವರಿಸಿದರು. ಹನ್ನೊಂದಕ್ಕೆ ಅವರೇ ಮತ್ತೆ ಫೋನ್ ಮಾಡುತ್ತಾರಂತೆ. ಆಗ ಗುಟ್ಟಿನ ನಂಬರುಗಳನ್ನು ಬಾಯಲ್ಲಿ ಹೇಳಿದರೆ ಸಾಕು.

ಇದು ಮೋಸ ಎಂದು ಗುಲ್ಜಾರ್ ಯಂತ್ರದ ಸ್ವಿಚ್ ಆರಿಸಿದರು. ರಘುಪತಿಯ ಮುಖ ಕೆಂಪಾಯಿತು.

‘ನಿಮಗೆ ಎಂತ ಗೊತ್ತಾಗ್ತದೆ ಗುಲ್ಜಾರಕ್ಕ? ನಿಮ್ಮ ಕಿವಿ ಹತ್ರಾನೇ ಫೋನು ಬಡ್ಕೊಳ್ತದೆ. ನಾವು ಒಂದು ಮಾತಾಡ್ಬೇಕಾದ್ರೆ ಗುಡ್ಡ ಹತ್ಬೇಕು.’

ಅದು ಸುಳ್ಳಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಅತ್ತಿಗೆ ರಾಧಮ್ಮನಿಗೆ ಹೆರಿಗೆ ನೋವು ಶುರುವಾದಾಗ, ಜೀಪಿಗೆ ಫೋನ್ ಮಾಡಲು ರಘುಪತಿ ಕೊಡೆಯಿಲ್ಲದೆ ಗುಡ್ಡ ಹತ್ತಿದ್ದರು. ಜೀಪು ಬರುವ ಮೊದಲೇ ಮಗು ಹಳ್ಳದ ದಂಡೆಯಲ್ಲಿ ಹುಟ್ಟಿತ್ತು. ತಾಯಿ, ಮಗು ಉಳಿದದ್ದು ಅದೃಷ್ಟ. ಟವರ್ ಎಂದ ತಕ್ಷಣ ಹದಿನಾರು ಮನೆಯವರೂ ಕಾರ್ಡು ತಂದುಕೊಟ್ಟದ್ದು ಅದಕ್ಕೇ.

ಗುಲ್ಜಾರ್ ವಾದಕ್ಕೆ ಹೋಗಲಿಲ್ಲ. ಫೋನು ಬರಲಿ, ನಂಬರು ಹೇಳುವ ಮೊದಲು ಒಂದೇ ಒಂದು ಮಾತು ಕೇಳಿ ಎಂದರು. ಟವರಿನ ಕಬ್ಬಿಣ ಯಾವ ದಾರಿಯಲ್ಲಿ ಬರುತ್ತದೆ?

ಹನ್ನೊಂದಕ್ಕೆ ರಘುಪತಿಯ ಮೊಬೈಲಿಗೆ ಫೋನು ಬಂತು. ಗುಲ್ಜಾರ್ ಅದರ ಸ್ಪೀಕರ್ ಒತ್ತಿದರು. ರಘುಪತಿ ಕೇಳಿದರು. ಆ ಕಡೆಯವನು ತಡವರಿಸಲೂ ಇಲ್ಲ. ತಾವೇ ಬಂದು ಜಾಗ ನೋಡಿದ್ದೇವೆ, ಸೋಮವಾರ ಲಾರಿ ಸೀದಾ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ, ಈಗ ಬೇಗ ನಂಬರು ಹೇಳಿ ಎಂದ.

ಆ ಊರಿಗೆ ಹೋಗಲು ಇರುವುದು ಹಳ್ಳದ ಮೇಲೆ ಅಡಿಕೆ ಮರ ಜೋಡಿಸಿದ ಕಾಲುಸಂಕವೊಂದೇ. ಸೈಕಲ್ಲನ್ನೂ ಹೆಗಲ ಮೇಲೆ ಹೊತ್ತೇ ದಾಟಬೇಕು.

ರಘುಪತಿ ಮೇಜಿನ ಮೇಲಿನ ಕಾರ್ಡುಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, ‘ಲಾರಿ ಬಂದ ಮೇಲೆ ಹೇಳ್ತೆ ಮಾರಾಯ’ ಎಂದು ಫೋನ್ ಕತ್ತರಿಸಿದರು.

ಕಾರ್ಡುಗಳೇನೋ ಚೀಲ ಸೇರಿದವು. ಆದರೆ ಊರಿಗೆ ಹೋಗಿ ಟವರ್ ಇಲ್ಲ ಎನ್ನಲು ರಘುಪತಿಗೆ ಬಾಯಿ ಬರುವಂತಿರಲಿಲ್ಲ. ಭಾನುವಾರ ಗುಲ್ಜಾರ್ ಅಂಗಡಿ ಮುಚ್ಚಿ, ತಾವೇ ಸಂಕ ದಾಟಿ ಹೋದರು. ಸೇರಿದ್ದ ಊರಿನವರಿಗೆ ನಡೆದದ್ದನ್ನು ಹೇಳಿ, ಇನ್ನು ಗುಟ್ಟಿನ ನಂಬರು ಯಾರಿಗೂ ಹೇಳಬೇಡಿ ಎಂದರು. ಹಿರಿಯರಾದ ರೇಣುಕಪ್ಪ ನೇರವಾಗಿಯೇ ಕೇಳಿದರು. ‘ಹಂಗಾರೆ ನಮ್ಮ ರಘುಪತಿನ ನಂಬಬೇಡಿ ಅಂತೀಯೇನಮ್ಮ?’

‘ರಘುಪತಿಯವ್ರು ಬಂಗಾರದಂಥೋರು. ಅದಕ್ಕೇ ಹೇಳ್ತಿರೋದು, ಎಲ್ಲರ ಮನೆ ಬೀಗದ ಕೈ ಅವರೊಬ್ಬರ ಕೊರಳಿಗೆ ಕಟ್ಬೇಡಿ. ಅವರೊಬ್ಬರು ಮೋಸ ಹೋದ್ರೆ ಊರಿಗೆ ಊರೇ ಹೋಗ್ತದೆ’ ಎಂದರು ಗುಲ್ಜಾರ್.

ಮೊದಲು ತಲೆಯಾಡಿಸಿದವರು ರಘುಪತಿಯೇ. ಆ ವಾರ ಊರಿನವರು ಗುಂಪುಗುಂಪಾಗಿ ಪೇಟೆಗೆ ಬಂದು ಗುಟ್ಟಿನ ನಂಬರು ಬದಲಿಸಿಕೊಂಡರು. ಈಗ ಅವರವರ ದುಡ್ಡು ತೆಗೆಯಲು ಅವರವರೇ ಬರುತ್ತಾರೆ. ಬಸ್ ಚಾರ್ಜು ದಂಡ ಎಂದು ಗೊಣಗುವವರೂ ಇದ್ದಾರೆ. ಗೊಣಗಲಿ ಎನ್ನುತ್ತಾರೆ ಗುಲ್ಜಾರ್.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಊರಿನವರ ಸಹಿ ಹಾಕಿಸಿ, ನಿಜವಾದ ಟವರಿಗಾಗಿ ದೂರವಾಣಿ ಕಚೇರಿಗೆ ಅರ್ಜಿ ಕೊಡಿಸಿದ್ದಾರೆ. ತಿಂಗಳಿಗೊಮ್ಮೆ ಮಧ್ಯಾಹ್ನದ ಊಟ ಬಿಟ್ಟು, ಅದು ಎಲ್ಲಿಯವರೆಗೆ ಬಂತೆಂದು ವಿಚಾರಿಸಿ ಬರುತ್ತಾರೆ. ಅಲ್ಲಿಯ ಗುಮಾಸ್ತರು ಇವರನ್ನು ಕಂಡರೆ ಫೈಲು ಹುಡುಕುವಂತೆ ಬಗ್ಗುತ್ತಾರಂತೆ.

ನಿಮಗ್ಯಾಕೆ ಈ ಓಡಾಟ ಎಂದು ಕೇಳಿದೆ. ಯಂತ್ರದ ಮುಚ್ಚಳ ಒರೆಸುತ್ತಿದ್ದವರು ತಲೆಯೆತ್ತಿದರು.

‘ಮೋಸ ಅಂತ ಹೇಳಿ ವಾಪಸ್ ಕಳಿಸಿಬಿಟ್ಟೆ. ಫೋನ್ ಮಾಡಿದವನು ಹೇಳಿದ್ದು ಸುಳ್ಳು ಸರಿ, ಅವರಿಗೆ ಟವರ್ ಬೇಕಾಗಿದ್ದು ಸುಳ್ಳಲ್ವಲ್ಲ. ಆ ರಾಧಮ್ಮ ಮನೆ ಜಗಲಿ ಮೇಲೆ ಕೂತು ನಂಗೊಂದು ಫೋನ್ ಮಾಡ್ಬೇಕು. ಅಲ್ಲಿ ತನಕ ನಾನು ಆ ಆಫೀಸಿನ ಮೆಟ್ಲು ಹತ್ತೋಳೇ.’