ನಾಲ್ಕು ತಾಲೂಕು, ಒಂದು ಫೈಲು

ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದ ಮಾಸ್ತರರಿಗೆ ಕಣ್ಣು ಮಂಜಾಗುತ್ತ ಬಂದದ್ದು ನನಗೆ ತಡವಾಗಿ ತಿಳಿಯಿತು. ನಮ್ಮೂರು ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಅವರೆದುರು ನಿಂತು ನಮಸ್ಕಾರ ಅಂದೆ. ಅವರು ನನ್ನ ಮುಖವನ್ನಲ್ಲ, ನನ್ನ ಹೆಗಲಿನ ಆಚೆ ಏನನ್ನೋ ನೋಡುತ್ತ, "ಯಾರು?" ಅಂದರು. ದನಿ ಗುರುತಿಸಿದ ಮೇಲೆ ನಕ್ಕರು. ಅವರ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಸಿಟ್ಟು ಬಂದಾಗ ಮಾತ್ರ ಎರಡೂ ಒಟ್ಟಿಗೆ.

"ಅಗರಖೇಡದ ಸಾಲ್ಯಾಗ ಇದ್ದೀನಿ ತಂಗಿ. ಇನ್ನೂ ಮೂರು ವರ್ಷ ನೌಕರಿ ಅದ. ಹಳೇ ಪಾಠ ಬಾಯಿಪಾಠ ಅವ. ಆದ್ರ ಪುಸ್ತಕ ಬದಲಾಗ್ಯಾವ. ದಿನಾ ಯಾರಿಗೆ ಓದಿ ಹೇಳು ಅಂತ ಕೇಳ್ಲಿ?" ಅಂದರು. ಆಮೇಲೆ, ಬಸ್ಸು ಹೊರಡುವ ಮುಂಚೆ, "ನೀ ಕಂಪ್ಯೂಟರ್ ಕಲಿಸ್ತೀಯಂತಲ್ಲ. ಓದೋ ಮಷಿನ್ ಏನರೆ ಅದ ಏನು?" ಎಂದು ಕೇಳಿದರು.

ನಾನು ಇಂಡಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಒಂದು ಕೆಲಸ ತಲೆಗೆ ಹೊಕ್ಕರೆ ಮುಗಿಯುವ ತನಕ ನನಗೆ ಊಟ ರುಚಿಸುವುದಿಲ್ಲ, ಯಾರ ಮಾತೂ ಪೂರ್ತಿ ಕಿವಿಗೆ ಬೀಳುವುದಿಲ್ಲ. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ ಇತ್ತು. ಯಾರು ಬೇಕಾದರೂ ಅದರ ಒಳಗಿನ ಬರಹವನ್ನು ತೆಗೆದುಕೊಂಡು ತಿದ್ದಬಹುದಿತ್ತು. ಅದನ್ನು ಇಳಿಸಿಕೊಂಡು ಒಂದು ತಿಂಗಳು ತಿದ್ದಿದೆ. ಮನುಷ್ಯರು ಓದುವ ಆ ಬರಹವನ್ನು ಕಂಪ್ಯೂಟರು ನಡೆಸಬಲ್ಲ ಪ್ರೋಗ್ರಾಂ ಆಗಿ ಮಾಡುವುದಕ್ಕೆ ಕಂಪೈಲ್ ಮಾಡುವುದು ಅನ್ನುತ್ತೇವೆ. ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಒಂಬತ್ತನೇ ತರಗತಿಯ ಪಾಠವೊಂದನ್ನು ಟೈಪ್ ಮಾಡಿ ಕೊಟ್ಟೆ. ಅದು ತಡವರಿಸದೆ ಓದಿತು. ಅಡುಗೆಮನೆಯಿಂದ ನನ್ನ ಅವ್ವ ಬಂದು, "ರೇಡಿಯೋ ಯಾವಾಗ ತಂದಿ?" ಅಂದಳು.

ಮರುದಿನವೇ ಅಗರಖೇಡಕ್ಕೆ ಹೋದೆ. ಮಾಸ್ತರರ ಲ್ಯಾಪ್‌ಟಾಪಿಗೆ ಪ್ರೋಗ್ರಾಮನ್ನೂ ಪಾಠವನ್ನೂ ನಕಲು ಮಾಡಿದೆ. ಪರದೆಯ ಮೇಲೆ ಅದು ತೆರೆದುಕೊಂಡದ್ದನ್ನು ನೋಡಿ ಆಯಿತು ಅಂದುಕೊಂಡೆ. ಒಂದು ಸಾಲು ಓದಿಸಿ ನೋಡುವಷ್ಟು ತಾಳ್ಮೆಯೂ ನನಗಿರಲಿಲ್ಲ. ಗಂಟೆ ಬಾರಿಸಿತ್ತು, ಮಾಸ್ತರರು ಆಗಲೇ ಎದ್ದಿದ್ದರು.

ನಾನು ತರಗತಿಯ ಬಾಗಿಲಲ್ಲಿ ನಿಂತೆ. ಅವರು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನಾನು ತೋರಿಸಿಕೊಟ್ಟ ಕೀ ಒತ್ತಿದರು. ಕಾದರು. ಮತ್ತೊಮ್ಮೆ ಒತ್ತಿದರು. ಮಕ್ಕಳು ಪುಸ್ತಕ ತೆರೆದು ಕೂತಿದ್ದರು. ಮೂರನೇ ಸಲವೂ ಒತ್ತಿದರು. ಆಮೇಲೆ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇವತ್ತ ಪುಸ್ತಕ ಮುಚ್ಚರಿ. ನಿಮ್ಮ ಹೊಳಿ ಬಗ್ಗೆ ಹೇಳ್ತೀನಿ," ಅಂದರು. ಭೀಮಾ ನದಿ ಎಲ್ಲಿ ಹುಟ್ಟುತ್ತದೆ, ಯಾವ ಯಾವ ರಾಜರ ದಂಡು ಅದನ್ನು ಎಲ್ಲೆಲ್ಲಿ ದಾಟಿತು ಎಂದು ಗಂಟೆ ಬಾರಿಸುವ ತನಕ ಹೇಳಿದರು. ಯಂತ್ರ ಕೈಕೊಟ್ಟದ್ದು ಮಕ್ಕಳಿಗೆ ಗೊತ್ತಾಗಲಿಲ್ಲ. ಸಂತೋಷವಾಗಿಯೇ ಕೇಳಿದರು. ನನಗೆ ಮಾತ್ರ ನಿಂತ ನೆಲ ಸುಡುತ್ತಿತ್ತು.

ಹೊರಗೆ ಬಂದ ಮೇಲೆ ಅವರು ಬೈಯಲಿಲ್ಲ. "ಬಾಯೇ ಬಿಡ್ಲಿಲ್ಲಲ್ಲ ತಂಗಿ ಅದು," ಅಂದರು. "ನಾಳೆನೂ ನಾ ಹೊಳಿ ಬಗ್ಗೆನೇ ಹೇಳ್ಲಿಕ್ಕೆ ಆಗೂದಿಲ್ಲ."

ತಪ್ಪು ಪೂರ್ತಿ ನನ್ನದು. ಅಕ್ಷರಗಳ ಧ್ವನಿಯ ಕಡತಗಳು ಎಲ್ಲಿವೆ ಎಂಬುದನ್ನು ನಾನು ಪ್ರೋಗ್ರಾಂ ಒಳಗೇ ಬರೆದುಬಿಟ್ಟಿದ್ದೆ. ಅದು ನನ್ನ ಲ್ಯಾಪ್‌ಟಾಪಿನ, ನನ್ನ ಹೆಸರಿನ ಫೋಲ್ಡರಿನ ವಿಳಾಸ. ಮಾಸ್ತರರ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ಎಲ್ಲಿಂದ ಬರಬೇಕು? ಪ್ರೋಗ್ರಾಂ ಹುಡುಕಿತು, ಸಿಗಲಿಲ್ಲ, ಸುಮ್ಮನಾಯಿತು. ಸಿಗಲಿಲ್ಲ ಎಂದು ಹೇಳುವುದನ್ನೂ ನಾನು ಅದಕ್ಕೆ ಕಲಿಸಿರಲಿಲ್ಲ.

ಇಂಡಿಗೆ ವಾಪಸ್ಸು ಬರುವ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆಗೆದೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಬದಲಾಗುವ ಸಂಗತಿಗಳನ್ನೆಲ್ಲ ಒಳಗಿನಿಂದ ಕಿತ್ತು, ಬೇರೆ ಒಂದು ಚಿಕ್ಕ ಫೈಲಿನಲ್ಲಿ ಇಟ್ಟೆ. ಎಡಕ್ಕೆ ಒಂದು ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಆ ಯಂತ್ರಕ್ಕೆ ಹೊಂದುವ ಉತ್ತರ. ಯಂತ್ರದ ಮಿದುಳಾದ ಪ್ರೊಸೆಸರ್ ಯಾವ ಬಗೆಯದು, ಪ್ರೋಗ್ರಾಮನ್ನು ಎಲ್ಲಿ ಇಡಬೇಕು, ಧ್ವನಿಯ ಕಡತಗಳ ವಿಳಾಸ ಯಾವುದು, ಇಂಥವು. ಇವನ್ನು ವೇರಿಯೇಬಲ್ ಅನ್ನುತ್ತಾರೆ. ಪ್ರೋಗ್ರಾಂ ಒಳಗೆ ಇನ್ನು ಬರೀ ಹೆಸರು. ಉತ್ತರವನ್ನು ಆಯಾ ಯಂತ್ರದ ಮುಂದೆ ಕೂತು ತುಂಬಿ ಕಂಪೈಲ್ ಮಾಡಬೇಕು. ಇದು ಈ ವಿದ್ಯೆಯಲ್ಲಿ ಹೊಸತೇನಲ್ಲ. ನಾನೇ ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಬರೆದು ಕಲಿಸುವ ಪಾಠ. ಕಲಿಸುವವಳೇ ಮಾಡಿರಲಿಲ್ಲ, ಅಷ್ಟೆ.

ನಾಲ್ಕನೇ ದಿನ ಮಾಸ್ತರರ ಲ್ಯಾಪ್‌ಟಾಪ್ ಓದಿತು. ಅವರು ಪೂರ್ತಿ ಒಂದು ಪಾಠ ಕೇಳಿದರು. "ಹೂಂ. ಉಚ್ಚಾರ ಸ್ವಲ್ಪ ಬೆಂಗಳೂರಿನವರ ಹಂಗ ಅದ. ನಡೀತದ," ಅಂದರು.

ಸುದ್ದಿ ಹರಡಿದ್ದು ಅವರಿಂದಲೇ. ಸಿಂದಗಿಯಲ್ಲಿ ಅವರಿಗೆ ಗುರುತಿನ ಒಬ್ಬ ವಕೀಲರಿದ್ದರು. ಆ ವಕೀಲರಿಗೆ ಕಣ್ಣು ಪೂರ್ತಿ ಹೋಗಿತ್ತು. ಅವರ ಕಂಪ್ಯೂಟರು ಬಹಳ ಹಳೆಯದು, ನಾನು ಒಯ್ದ ಪ್ರೋಗ್ರಾಮನ್ನು ತೆರೆಯಲೇ ಇಲ್ಲ. ಪ್ರೊಸೆಸರ್ ಸಾಲಿನ ಉತ್ತರ ಬದಲಿಸಿ ಅಲ್ಲೇ ಮತ್ತೆ ಕಂಪೈಲ್ ಮಾಡಿದೆ. ಓದಿತು. ವಕೀಲರು ಕಣ್ಣು ಮುಚ್ಚಿ ಕೇಳಿ, "ಎಲ್ಲಾ ಬರೋಬರಿ ಐತ್ರಿ. ಫಿರ್ಯಾದಿಗೆ ಮಾತ್ರ ಪಿರಿಯಾದಿ ಅನ್ನಾಕತ್ತೈತಿ. ಅದೊಂದು ತಿದ್ದರಿ, ಇಲ್ಲಂದ್ರ ಜಡ್ಜ್ ಸಾಹೇಬ್ರ ಮುಂದ ನಾನೂ ಹಂಗ ಅಂದುಬಿಡ್ತೇನಿ," ಎಂದು ನಕ್ಕರು.

ಕಣ್ಣಿಲ್ಲದವರೂ ಬರುತ್ತಿದ್ದ ಬಸವನ ಬಾಗೇವಾಡಿಯ ಒಂದು ವಾಚನಾಲಯದಲ್ಲಿ ತೊಡಕು ಬೇರೆ. ಅಲ್ಲಿಯ ಕಂಪ್ಯೂಟರಿನಲ್ಲಿ ಹೊಸದೇನನ್ನಾದರೂ ಹಾಕಬೇಕಾದರೆ ಪಾಸ್‌ವರ್ಡ್ ಬೇಕು. ನೋಡಿಕೊಳ್ಳುವವರು ಕೈ ಚೆಲ್ಲಿದರು. "ನನಗ ಕೊಟ್ಟಿಲ್ರಿ ಅದನ್ನ. ಕೇಳಿ ಪತ್ರ ಬರೀಬೇಕು, ಅದು ಬರೋದು ಯಾವಾಗೋ," ಅಂದರು. ನಾನು ಪ್ರೋಗ್ರಾಂ ಇಡುವ ಜಾಗದ ಸಾಲನ್ನು ಬದಲಿಸಿ, ಓದುಗರಿಗೆಂದೇ ಬಿಟ್ಟಿದ್ದ ಫೋಲ್ಡರಿನೊಳಗೆ ಇಟ್ಟೆ. ಪಾಸ್‌ವರ್ಡ್ ಬೇಕಾಗಲಿಲ್ಲ. "ಹಂಗೂ ಆಕ್ಕೈತೇನ್ರಿ?" ಎಂದು ಅವರು ಬಾಯಿ ತೆರೆದರು. ನಾನು ಬೀಗಿದೆ. ಇನ್ನು ಯಾವ ಯಂತ್ರ ಬಂದರೂ ನನ್ನ ಫೈಲಿನ ನಾಲ್ಕು ಸಾಲು ಸಾಕು ಅಂದುಕೊಂಡೆ.

ಮುದ್ದೇಬಿಹಾಳಕ್ಕೆ ಹೋದದ್ದು ಆ ಗುಂಗಿನಲ್ಲೇ. ಅಲ್ಲಿ ಒಂದು ಕಚೇರಿಯ ಟೆಲಿಫೋನಿಗೆ ಉತ್ತರ ಹೇಳುವ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು ಮಾಸ್ತರರಿಂದ ನನ್ನ ನಂಬರ್ ಪಡೆದು ಫೋನ್ ಮಾಡಿದ್ದಳು. ನಾಲತವಾಡದವಳು, ಮೂವತ್ತರ ಆಸುಪಾಸು, ಹುಟ್ಟಿನಿಂದ ಕಣ್ಣಿಲ್ಲ. ಅವ್ವನ ತಂಗಿ ಚಿಗವ್ವನ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಯಾರೋ ಅವಳಿಗೆ ಅಂಗೈಯಷ್ಟೇ ಇರುವ ಒಂದು ಕಂಪ್ಯೂಟರ್ ಬೋರ್ಡ್ ಕೊಟ್ಟಿದ್ದರು. ಅದಕ್ಕೆ ಟಿವಿ, ಕೀಬೋರ್ಡ್ ಜೋಡಿಸಿಕೊಂಡರೆ ಆಯಿತು. ಪ್ರೊಸೆಸರ್ ಮೊಬೈಲಿನ ಬಗೆಯದು. ನನ್ನ ಫೈಲಿನಲ್ಲಿ ಅದಕ್ಕೂ ಉತ್ತರವಿತ್ತು.

ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕೈ ಸುಮ್ಮನಿರಲಾರದೆ ಪ್ರತಿ ಸಾಲಿನ ಕೊನೆಗೂ ಒಂದೊಂದು ಟಿಪ್ಪಣಿ ಸೇರಿಸಿದ್ದೆ. ಹ್ಯಾಶ್ (#) ಗುರುತು ಹಾಕಿದರೆ ಅದರ ಮುಂದಿನದನ್ನು ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಯಾವುದಕ್ಕೆ, ಇದನ್ನು ಯಾವಾಗ ಬದಲಿಸಬೇಕು ಎಂದು ನನ್ನ ನೆನಪಿಗಾಗಿ ಬರೆದುಕೊಂಡೆ.

ಆ ಬೋರ್ಡಿನ ಮೇಲೆ ಕಂಪೈಲ್ ಆಗಲು ಒಂದು ತಾಸಿನ ಮೇಲಾಯಿತು. ನಾನು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ. ಆಕೆ ಚಾಪೆಯ ಮೇಲೆ ಕೂತು ಕಡಲೆ ಸುಲಿಯುತ್ತ, "ಅಕ್ಕಾರ, ಕುಂದರ್ರಿ. ನಿಮ್ಮ ಹೆಜ್ಜಿ ಎಣಿಸಿ ಎಣಿಸಿ ನನಗ ಸಾಕಾತು," ಅಂದಳು.

ಮುಗಿಯಿತು. ಓದಲಿಲ್ಲ. ಈ ಸಲ ಪ್ರೋಗ್ರಾಂ ಬಾಯಿ ಬಿಡದಿದ್ದರೂ, ಅಗರಖೇಡದ ಫಜೀತಿಯ ಮೇಲೆ ನಾನು ಕಲಿಸಿದ್ದಂತೆ, ಪರದೆಯ ಮೇಲೆ ಕಾರಣ ಬರೆಯುತ್ತಿತ್ತು. ಧ್ವನಿಯ ಕಡತಗಳು ಸಿಗಲಿಲ್ಲ ಎಂದು ಹೇಳಿ ಕೆಳಗೆ ತಾನು ಹುಡುಕಿದ ವಿಳಾಸ ತೋರಿಸಿತು. ವಿಳಾಸ ಸರಿಯಾಗಿತ್ತು. ಆ ವಿಳಾಸಕ್ಕೆ ಹೋಗಿ ನೋಡಿದರೆ ಕಡತಗಳೂ ಇದ್ದವು. ಇದ್ದದ್ದನ್ನೇ ಇಲ್ಲ ಅನ್ನುತ್ತಿತ್ತು. ಅಕ್ಷರ ಅಕ್ಷರ ಹೋಲಿಸಿದೆ. ಅಳಿಸಿ ಮತ್ತೆ ಕಂಪೈಲ್ ಮಾಡಿದೆ, ಮತ್ತೊಂದು ತಾಸು. ಅದೇ ಉತ್ತರ. ಕೊನೆಯ ಬಸ್ಸು ಹಿಡಿದು ಇಂಡಿಗೆ ಬಂದೆ. ಆ ವಾರವೆಲ್ಲ ಲ್ಯಾಬಿನಲ್ಲಿ ಹಾಜರಿ ಹಾಕುವಾಗ, ಸಂತೆಯಲ್ಲಿ ಕಾಯಿಪಲ್ಲೆ ಆರಿಸುವಾಗ, ಆ ಸಾಲು ಕಣ್ಣ ಮುಂದೆ ಬರುತ್ತಿತ್ತು. ಅವ್ವ ಎರಡು ಸಲ ಕರೆದರೂ ಓಗೊಡದೆ ಬೈಸಿಕೊಂಡೆ.

ಮುಂದಿನ ಭಾನುವಾರ ಮತ್ತೆ ಹೋದೆ. ಮಧ್ಯಾಹ್ನದ ತನಕ ಒದ್ದಾಡಿದೆ. ನಾನು ಆ ಫೈಲನ್ನು ಬೈಯುವುದನ್ನು ಕೇಳಿ ಕೇಳಿ ಆಕೆ ಕೊನೆಗೆ, "ಆ ಫೈಲ್ ನನ್ನ ಫೋನಿಗೆ ಕಳಸ್ರಿ," ಅಂದಳು.

"ಅದರಾಗ ನಿನಗ ತಿಳಿಯೂವಂಥಾದ್ದು ಏನೂ ಇಲ್ಲ," ಅಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

"ತಿಳಿತೈತೋ ಇಲ್ಲೋ, ಕೇಳಿ ನೋಡೂಣಲ್ರಿ."

ಕಳಿಸಿದೆ. ಆಕೆಯ ಫೋನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅದು ಒಂದೊಂದಾಗಿ ಹೇಳುತ್ತ ಹೋಯಿತು. ಆಕೆ ಬೆರಳಿನಿಂದ ಮುಂದೆ ಸರಿಸುತ್ತಿದ್ದಳು. ಒಂದು ಕಡೆ ನಿಂತಳು. ಹಿಂದೆ ಬಂದಳು. ಮತ್ತೆ ಕೇಳಿದಳು.

"ಅಕ್ಕಾರ, ಈ ವಿಳಾಸ ಮುಗಿದ ಮ್ಯಾಲೆ ಎರಡು ಸಲ ಸ್ಪೇಸ್ ಅನ್ನಾಕತ್ತೈತಿ. ಆಮ್ಯಾಲೆ ಹ್ಯಾಶ್ ಬರ್ತೈತಿ. ಆ ಸ್ಪೇಸ್ ಇರಬೇಕೇನ್ರಿ?"

ನಾನು ನಡೆಯುತ್ತಿದ್ದವಳು ನಿಂತೆ. ಟಿಪ್ಪಣಿಯನ್ನು ಕಂಪ್ಯೂಟರ್ ಬಿಡುತ್ತದೆ, ಆದರೆ ಅದರ ಮುಂಚಿನ ಖಾಲಿ ಜಾಗವನ್ನು ಬಿಡುವುದಿಲ್ಲ. ಅದು ಉತ್ತರದ ಭಾಗವೇ ಆಗಿಬಿಡುತ್ತದೆ. ಬೇರೆ ಸಾಲುಗಳಲ್ಲಿ ಅದರಿಂದ ಬಾಧೆಯಿಲ್ಲ. ವಿಳಾಸದ ಸಾಲಿನಲ್ಲಿ ಮಾತ್ರ, ನಾನು ಕಡತಗಳನ್ನು ಇಟ್ಟದ್ದು ಖಾಲಿ ಜಾಗವಿಲ್ಲದ ಹೆಸರಿನ ಫೋಲ್ಡರಿನಲ್ಲಿ, ಪ್ರೋಗ್ರಾಂ ಹುಡುಕುತ್ತಿದ್ದದ್ದು ಕೊನೆಗೆ ಎರಡು ಖಾಲಿ ಜಾಗವಿರುವ ಹೆಸರಿನ ಇನ್ನೊಂದನ್ನು. ಪರದೆಯ ಮೇಲೆ ಆ ಖಾಲಿ ಜಾಗ ಕಾಣುವುದು ಹೇಗೆ? ನಾನು ಎಂಟು ದಿನ ನೋಡುತ್ತಿದ್ದೆ. ಆಕೆ ಒಂದು ಸಲ ಕೇಳಿದಳು.

"ಇರಬಾರದು," ಅಂದೆ. ಕೀಬೋರ್ಡಿಗೆ ಕೈ ಚಾಚಿದೆ.

"ನಾ ಅಳಸ್ತೇನಿ ಬಿಡ್ರಿ," ಅಂದು ಆಕೆ ಫೋನಿನಲ್ಲೇ ಅಳಿಸಿ ನನಗೆ ವಾಪಸ್ಸು ಕಳಿಸಿದಳು.

ಮತ್ತೆ ಒಂದು ತಾಸು. ಆಮೇಲೆ ಬೋರ್ಡು ಮಾತಾಡಿತು. ಚಿಗವ್ವ ಒಲೆಯ ಮುಂದಿನಿಂದ ಎದ್ದು ಬಂದು ಟಿವಿಯ ಹಿಂದೆ ಬಗ್ಗಿ ನೋಡಿದಳು. ನಾನು ಹಿಗ್ಗಿನಿಂದ ಆಕೆಯ ಮುಖ ನೋಡಿದೆ. ಅಲ್ಲಿ ಹಿಗ್ಗು ಇರಲಿಲ್ಲ, ಬೇಸರವಿತ್ತು.

"ಯಾಕ ಇಷ್ಟು ಸಾವಕಾಶ ಓದತೈತಿ ಇದು?"

"ಕೇಳೋರಿಗೆ ತಿಳೀಲಿ ಅಂತ ನಾನೇ ಹಂಗ ಇಟ್ಟೇನಿ. ವೇಗಕ್ಕೂ ಆ ಫೈಲಿನಾಗ ಒಂದು ಸಾಲು ಐತಿ."

"ಸಣ್ಣ ಕೂಸಿಗೆ ಹೇಳಿದಂಗ ಹೇಳತೈತ್ರಿ. ನಾವು ಇದರ ಮೂರು ಪಟ್ಟು ಜೋರಿನಾಗ ಕೇಳ್ತೇವಿ. ಬದಲಿ ಮಾಡಬೇಕಂದ್ರ?"

"ಮತ್ತ ಕಂಪೈಲ್ ಮಾಡಬೇಕು."

"ಅಂದ್ರ ಮತ್ತೊಂದು ತಾಸು. ನನಗ ಒಂದು ವೇಗ ಬೇಕು, ಮಾಸ್ತರಿಗೆ ಒಂದು ಬೇಕು. ಅದನ್ನ ನೀವ್ಯಾಕ ಮೊದಲ ಗಂಟು ಹಾಕಿ ಕೊಡ್ತೀರಿ?"

ಯಂತ್ರಕ್ಕೆ ಸಂಬಂಧಿಸಿದ್ದು ಯಾವುದು, ಕೇಳುವವರ ಇಷ್ಟಕ್ಕೆ ಬಿಡಬೇಕಾದದ್ದು ಯಾವುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲವನ್ನೂ ಕಂಪೈಲ್ ಮಾಡುವವಳ ಕೈಯಲ್ಲಿ ಇಟ್ಟುಕೊಂಡಿದ್ದೆ. ವೇಗದ ಸಾಲನ್ನು ಆ ಫೈಲಿನಿಂದ ತೆಗೆದು, ಓದುತ್ತಿರುವಾಗಲೇ ಎರಡು ಕೀಗಳಿಂದ ಹೆಚ್ಚು ಕಡಿಮೆ ಮಾಡುವಂತೆ ಬರೆಯಲು ನನಗೆ ಒಂದು ವಾರ ಹಿಡಿಯಿತು. ಅದನ್ನು ಮಾಸ್ತರರಿಗೆ ತೋರಿಸಿದಾಗ ಅವರು ನಾನು ಮುಂಚೆ ಇಟ್ಟದ್ದಕ್ಕಿಂತಲೂ ನಿಧಾನ ಮಾಡಿಕೊಂಡರು. ಅಷ್ಟು ದಿನ ಅವರೂ ಕಷ್ಟಪಟ್ಟೇ ಕೇಳುತ್ತಿದ್ದರಂತೆ. ಹೇಳಿರಲಿಲ್ಲ.

ಆಮೇಲೆ ಆಕೆ ಬಿಡಲಿಲ್ಲ. ಕಚೇರಿಯಿಂದ ಬಂದ ಮೇಲೆ ಫೋನ್ ಮಾಡಿ ಒಂದೊಂದು ಸಾಲಿನ ಅರ್ಥ ಕೇಳುತ್ತಿದ್ದಳು. ಕಂಪೈಲ್ ಮಾಡುವಾಗ ಬರುವ ನೂರಾರು ಸಾಲುಗಳನ್ನೂ ಅದೇ ಪ್ರೋಗ್ರಾಮಿನಿಂದ ಓದಿಸಿಕೊಂಡು, ಎಲ್ಲಿ ಎಡವಿತು ಎಂದು ತಾನೇ ಹೇಳುವಷ್ಟಾದಳು. ನನ್ನ ಟಿಪ್ಪಣಿಗಳನ್ನೆಲ್ಲ ಬೇರೆ ಸಾಲಿಗೆ ಇಳಿಸಿದಳು. ಧ್ವನಿಯ ವಿಳಾಸಕ್ಕೆ ನಾನಿಟ್ಟಿದ್ದ ವೇರಿಯೇಬಲಿನ ಹೆಸರನ್ನೂ ಬದಲಿಸಿ, "ನೀವು ಇಟ್ಟದ್ದರ ಅರ್ಥ ನಿಮಗ ಬಿಟ್ರ ಯಾರಿಗೂ ಹತ್ತೂದಿಲ್ರಿ," ಅಂದಳು. ಸರಿಯೇ ಇತ್ತು. ಆದರೂ ಅವತ್ತು ನನಗೆ ಕಸಿವಿಸಿ. ನನ್ನದು ಅನ್ನುವುದು ಒಂದೊಂದೇ ಸಾಲು ಕೈಬಿಟ್ಟು ಹೋಗುತ್ತಿದೆ ಅನ್ನಿಸಿತು. ಇಂಥ ಸಣ್ಣತನಕ್ಕೆ ನಾಚಿಕೆಯೂ ಆಯಿತು.

ಕಳೆದ ತಿಂಗಳು ಬಾಗೇವಾಡಿಯ ವಾಚನಾಲಯಕ್ಕೆ ಹೊಸ ಕಂಪ್ಯೂಟರ್ ಬಂದು, ಹಳೆಯದರ ಜೊತೆ ಪ್ರೋಗ್ರಾಮೂ ಹೋಯಿತು. ನನಗೆ ಪರೀಕ್ಷೆಯ ಕೆಲಸವಿತ್ತು. ಭಾನುವಾರ ಹೋಗೋಣ ಎಂದು ಬ್ಯಾಗು ಜೋಡಿಸಿಕೊಳ್ಳುತ್ತಿರುವಾಗ ಆಕೆಯ ಫೋನ್ ಬಂತು. ಹಿಂದೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು.

"ಬಾಗೇವಾಡಿ ಬಸ್ ಸ್ಟ್ಯಾಂಡಿನಾಗ ಅದೇನಿ ಅಕ್ಕಾರ. ಚಿಗವ್ವನ ಕರಕೊಂಡು ಬಂದಿದ್ದೆ. ಹಾಕಿ ಬಂದೇನಿ, ಓದಾಕತ್ತೈತಿ."

ಪ್ರೊಸೆಸರ್ ಸಾಲು ಏನು ಮಾಡಿದಿ, ಎಲ್ಲಿ ಇಟ್ಟಿ, ಎಷ್ಟು ಹೊತ್ತು ಹಿಡಿಯಿತು ಎಂದು ಉಸಿರು ಬಿಡದೆ ಕೇಳಿದೆ. "ಮನಿಗೆ ಹೋಗಿ ಹೇಳ್ತೇನಿ, ಬಸ್ ಬಂತು," ಎಂದು ಆಕೆ ಇಟ್ಟುಬಿಟ್ಟಳು.

ತಡೆಯಲಾಗದೆ ಮಾಸ್ತರರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

"ನನಗ ನಿನ್ನೇನೇ ಗೊತ್ತದ ತಂಗಿ," ಅಂದರು ಅವರು. "ಯಾವ ಬಸ್ಸಿಗೆ ಹೋಗ್ಬೇಕಂತ ಆಕಿಗೆ ನಾನೇ ಹೇಳೀನಿ."