ಪುಟ್ಟಸ್ವಾಮಿ ನೋಡಿದ ಹುಲಿ

ಬಸವೇಶ್ವರನಗರದಲ್ಲಿ ಮೂವತ್ತು ವರ್ಷ ಸ್ಕೂಟರ್ ಓಡಿಸಿದವನಿಗೆ ರಸ್ತೆಯ ಗುಂಡಿಗಳ ವಿಷಯದಲ್ಲಿ ಒಂದು ಬಗೆಯ ಜಂಬ ಬೆಳೆದಿರುತ್ತದೆ. ನನಗೂ ಬೆಳೆದಿತ್ತು. ಮನೆಯಿಂದ ಮಾಗಡಿ ರಸ್ತೆಯವರೆಗಿನ ಅಷ್ಟೂ ಗುಂಡಿಗಳನ್ನು ಹೆಸರಿಟ್ಟು ಕರೆಯುವಷ್ಟು ಸಲಿಗೆ ನನ್ನದು. ಆ ಜಂಬ ಇಳಿದದ್ದು ಹೋದ ವರ್ಷ, ಮೈಸೂರಿನಾಚೆಯ ಒಂದು ಕಾಡಿನಲ್ಲಿ.

ಹೋದದ್ದು ಪುಟ್ಟಸ್ವಾಮಿಗಾಗಿ. ಅವನೂ ನಾನೂ ರಾಜಾಜಿನಗರದ ಒಂದೇ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನನ್ನದು ಗಣಿತ, ಅವನದು ಚಿತ್ರಕಲೆ. ಶಾಲೆಯ ಕಾಂಪೌಂಡಿನ ಮೇಲೆ ವರ್ಷಕ್ಕೊಂದು ಹುಲಿ ಬರೆಯುತ್ತಿದ್ದ. ಅವು ಒಂದಾದರೂ ಹುಲಿಯಂತಿರಲಿಲ್ಲ. ಮುಖ ಮಾತ್ರ ಆಯಾ ವರ್ಷದ ಹೆಡ್‌ಮಾಸ್ಟರರನ್ನು ಹೋಲುತ್ತಿತ್ತು. "ನಿಜವಾದ್ದು ನೋಡಿಲ್ಲ ಕಣೋ, ಅದಕ್ಕೇ ಹಿಂಗೆ" ಎನ್ನುತ್ತಿದ್ದ. ರಿಟೈರಾದ ಮೇಲೆ ನೋಡೋಣವೆಂದುಕೊಂಡಿದ್ದ. ಅಷ್ಟರಲ್ಲಿ ಗ್ಲಾಕೋಮಾ ಬಂತು. ನೋಟ ಅಂಚಿನಿಂದ ಒಳಕ್ಕೆ ಕರಗುತ್ತಾ, ಪೇಪರನ್ನು ಸುರುಳಿ ಸುತ್ತಿ ಇಣುಕಿದಷ್ಟೇ ಉಳಿಯಿತು. ಅದೂ ಹೆಚ್ಚು ಕಾಲ ಉಳಿಯದೆಂದು ಡಾಕ್ಟರು ಹೇಳಿದ ದಿನ ನೇರ ನಮ್ಮ ಮನೆಗೆ ಬಂದ. ಕಾಫಿ ಕುಡಿದು, ಲೋಟ ಇಡಲು ಟೀಪಾಯಿಯನ್ನು ಕೈಯಲ್ಲಿ ತಡಕುತ್ತಾ, "ಹುಲಿ ತೋರಿಸ್ತೀಯೇನೋ?" ಎಂದ. ಕೊಂಡುಕೊಡಬಹುದಾದ ವಸ್ತುವೆಂಬಂತೆ ನಾನೂ "ಆಯ್ತು" ಎಂದುಬಿಟ್ಟೆ.

ನನ್ನ ಹಳೆಯ ಕಾರಿನಲ್ಲಿ ಕೆಂಗೇರಿ ದಾಟುವಾಗ ಇನ್ನೂ ಬೆಳಕು ಹರಿಯುತ್ತಿತ್ತು. ಹೆದ್ದಾರಿ ಮುಗಿದು ಕಾಡಿನ ಹಾದಿ ಹಿಡಿದಾಗ ನನಗೊಂದು ಸತ್ಯ ಹೊಳೆಯಿತು. ರಸ್ತೆ ಎಂಬ ಮಾತು ಪಾರಸಿಯಿಂದ ಬಂದದ್ದು, ದಾರಿ ನಮ್ಮದು. ರಸ್ತೆಯನ್ನು ಯಾರಾದರೂ ರಿಪೇರಿ ಮಾಡಬೇಕು, ದಾರಿಗೆ ಆ ಹಂಗಿಲ್ಲ. ಇಲ್ಲಿದ್ದದ್ದು ಅಪ್ಪಟ ದಾರಿ. ಗುಂಡಿಯೊಳಗೆ ಮರಿಗುಂಡಿ, ಅದರೊಳಗೆ ಮೊನ್ನೆಯ ಮಳೆನೀರು. ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿದಾಗಲೆಲ್ಲ ನಾನು "ಅಯ್ಯೋ" ಎನ್ನುತ್ತಿದ್ದೆ. ಪುಟ್ಟಸ್ವಾಮಿ ಮಾತ್ರ ಮದುವೆಗೆ ಹೊರಟವನ ಹಾಗೆ ಕೂತಿದ್ದ.

ಸಫಾರಿ ಜೀಪಿನಲ್ಲಿ ನನಗೊಂದು ಕೆಲಸ ಕೊಟ್ಟ. "ನನಗೆ ಎದುರಿನದು ಬಿಟ್ಟು ಏನೂ ಕಾಣಲ್ಲ. ಹುಲಿ ಯಾವ ಕಡೆ ಬರುತ್ತೋ ಆ ಕಡೆ ನನ್ನ ತಲೆ ತಿರುಗಿಸಬೇಕು. ಮುಲಾಜು ನೋಡಬೇಡ."

ಎರಡು ಗಂಟೆ ಜಿಂಕೆಗಳ ಕಡೆಗೆ, ನವಿಲಿನ ಕಡೆಗೆ ಅವನ ತಲೆ ತಿರುಗಿಸಿ ಅಭ್ಯಾಸ ಮಾಡಿದೆ. ಜೀಪು ಎತ್ತೆತ್ತಿ ಹಾಕುತ್ತಿದ್ದುದರಿಂದ ಒಂದೆರಡು ಸಲ ಅವನ ಮೂಗು ಕಂಬಿಗೆ ಬಡಿಯಿತು. ಇನ್ನೇನು ವಾಪಸಾಗಬೇಕು ಎನ್ನುವಾಗ ಡ್ರೈವರ್ ಗಕ್ಕನೆ ನಿಲ್ಲಿಸಿ ಪಿಸುಗುಟ್ಟಿದ: "ಸಾರ್, ಎಡಗಡೆ, ಎಡಗಡೆ."

ಎರಡೂ ಕೈಯಲ್ಲಿ ಅವನ ತಲೆ ಹಿಡಿದು ಎಡಕ್ಕೆ ತಿರುಗಿಸಿದೆ. ಸರಿಯಾಗಿ ಗುರಿ ಸಿಕ್ಕಿತೋ ಇಲ್ಲವೋ ಎಂದು ಅವನ ಕಣ್ಣುಗಳನ್ನೇ ನೋಡುತ್ತಿದ್ದೆ. ಮೊದಲು ಅವು ಅಲೆದವು. ಆಮೇಲೆ ನಿಂತವು. ಅರವತ್ತೆರಡು ವರ್ಷದ ಆ ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲಾದವು, ಬಾಯಿ ಮೆಲ್ಲಗೆ ತೆರೆಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಲಂಟಾನದ ಪೊದೆಯೊಂದು ಅಲ್ಲಾಡುತ್ತಿತ್ತು, ಅಷ್ಟೇ.

"ನೀನೂ ನೋಡ್ದೆ ತಾನೇ?" ಎಂದ, ನನ್ನ ಕೈ ಅದುಮಿ.

"ನೋಡ್ದೆ ಕಣೋ" ಎಂದೆ. ಆ ಗಳಿಗೆಯಲ್ಲಿ ಬೇರೇನು ಹೇಳಲಿ?

ಆ ಸುಳ್ಳಿನ ತೊಂದರೆ ಮಳೆಗಾಲದ ಹೊತ್ತಿಗೆ ಶುರುವಾಯಿತು. ಅವನ ನೋಟದ ಸುರುಳಿ ಪೂರಾ ಮುಚ್ಚಿಕೊಂಡಿತು. ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತು, "ಹುಲಿ ಹೇಗೆ ಹೋಯ್ತು ಹೇಳೋ, ನೆನಪು ಮಾಸುತ್ತೇನೋ ಅಂತ ಭಯ" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಸೋಮವಾರ ಬಾಲ ಮೇಲೆತ್ತಿ ಹೋದ ಹುಲಿ ಗುರುವಾರ ಬಾಲ ಇಳಿಬಿಟ್ಟುಕೊಂಡು ಹೋಗುತ್ತಿತ್ತು. ಹೇಳಿ ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಕಾಣದ ಆ ಹುಲಿಗಾಗಿ ನನಗೂ ಹಂಬಲ ಹತ್ತಿಕೊಂಡಿತು. ಅವನ ಕಣ್ಣಿಗೆ ಹೊಕ್ಕದ್ದು ನನ್ನ ಕೈಗೆಟುಕುವಷ್ಟು ಹತ್ತಿರವಿತ್ತಲ್ಲ!

ಒಂದು ಸಂಜೆ ತಡೆಯಲಾಗದೆ ಹೇಳಿಯೇಬಿಟ್ಟೆ. "ಪುಟ್ಟಸ್ವಾಮಿ, ನಾನು ಹುಲಿ ನೋಡ್ಲೇ ಇಲ್ಲ ಕಣೋ."

ಅವನು ನಕ್ಕ. "ಗೊತ್ತು. ನಿನ್ನ ಉಸಿರು ನನ್ನ ಕೆನ್ನೆಗೆ ಹೊಡೀತಿತ್ತು. ಹುಲಿ ನೋಡೋನು ಈ ಕಡೆ ಯಾಕೆ ಉಸಿರು ಬಿಡ್ತಾನೆ?"

"ಮತ್ತೆ ದಿನಾ ಯಾಕೆ ಕೇಳ್ತಿದ್ದೆ?"

"ನೀನು ಹೇಳೋದು ತಪ್ಪು ಅಂತ ಮನಸ್ಸು ತಿದ್ದುತ್ತಲ್ಲ, ಆಗ ನಿಜವಾದ್ದು ಎದ್ದು ಬರುತ್ತೆ. ಕೂತ್ಕೋ, ಇವತ್ತು ನಾನು ಹೇಳ್ತೀನಿ."

ಹೇಳಿದ. ಹುಲಿ ದಾರಿ ದಾಟುವಾಗ ಗುಂಡಿಯ ನೀರಿಗೆ ಕಾಲಿಡದೆ, ಅಂಚಿನಲ್ಲೇ ಹೆಜ್ಜೆ ಆರಿಸಿಕೊಂಡು ಹೋಯಿತಂತೆ. ಹೇಳಿ ಮುಗಿಸಿ ನನ್ನ ಹೆಗಲ ಮೇಲೆ ಕೈ ಹಾಕಿದ. "ಇನ್ನೊಂದು ಸಲ ಹೋಗೋಣ ನಡಿ. ಈ ಸಲ ನಿನ್ನ ತಲೆ ನಾನು ತಿರುಗಿಸ್ತೀನಿ."

ಯಾವ ಕಡೆಗೆಂದು ಅವನಿಗೆ ಹೇಗೆ ತಿಳಿಯುತ್ತದೆ ಎಂದು ನಾನು ಕೇಳಲಿಲ್ಲ. ಮಾರನೆಯ ಬೆಳಿಗ್ಗೆ, ಮತ್ತೆ ಆ ದಾರಿಗೆ ಸಜ್ಜಾಗಲೆಂದು ಕಾರನ್ನು ಗ್ಯಾರೇಜಿಗೆ ಬಿಟ್ಟು ಬಂದೆ.