ಕುಸುಮಾ ಒಬ್ಬಳೇ ಆಯಿಲ್ ಆರಿಸಿದ್ದು

ಬೆಂಗಳೂರಿನ ವಿಜಯನಗರದ ಒಂದು ಮಹಡಿ ಮನೆಯಲ್ಲಿ ಅಕ್ಕತಂಗಿ ಇಬ್ಬರೇ ಇದ್ದರು. ಲತಾಗೆ ಐವತ್ತು, ಕುಸುಮಾಗೆ ನಲವತ್ತಾರು. ಇಬ್ಬರೂ ಮದುವೆಯಾಗಿರಲಿಲ್ಲ. ಯಾವ ಫ್ಯಾನ್ ತರಬೇಕು, ಯಾವ ಡಾಕ್ಟರ ಹತ್ತಿರ ಹೋಗಬೇಕು, ಎಲ್ಲ ಲತಾಳದೇ ತೀರ್ಮಾನ. ಕಾರು ಕೊಳ್ಳೋಣ ಎಂದವಳೂ ಅವಳೇ.

"ನೀನು ಓಡ್ಸು ಕಣೇ, ನಾನು ಪಕ್ಕ ಕೂತು ದಾರಿ ಹೇಳ್ತೀನಿ," ಎಂದಿದ್ದಳು.

ಕುಸುಮಾ ಲೈಸೆನ್ಸ್ ಮಾಡಿಸಿಕೊಂಡಳು. ಬೂದು ಬಣ್ಣದ ಪುಟ್ಟ ಕಾರು ಬಂತು. ಹೊಸತು ಮಾಸುವ ಮೊದಲೇ ದಾವಣಗೆರೆಯ ವಿಧುರ ಲೆಕ್ಚರರ್ ಒಬ್ಬರ ಜೊತೆ ಲತಾಳ ಸಂಬಂಧ ಕುದುರಿತು. ಮದುವೆಯ ಓಡಾಟವನ್ನೆಲ್ಲ ಕುಸುಮಾಳೇ ನಗುನಗುತ್ತಾ ಮಾಡಿದಳು. ಅತ್ತಿದ್ದು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ.

ಜ್ಞಾನಭಾರತಿಯ ಆಫೀಸಿಗೆ ಅವಳು ಮೆಟ್ರೋದಲ್ಲೇ ಹೋಗುತ್ತಿದ್ದಳು. ಕಾರು ಕೆಳಗೆ ಕವರ್ ಹೊದ್ದು ನಿಂತಿರುತ್ತಿತ್ತು. ತರಕಾರಿಗೆಂದು ಮಾರೇನಹಳ್ಳಿಯವರೆಗೆ ಹೋಗಿಬಂದರೆ ಅದೇ ಹೆಚ್ಚು. ಹೀಗೇ ವರ್ಷ ತುಂಬಿತು. ಸರ್ವೀಸಿಗೆ ಬನ್ನಿ ಎಂದು ಫೋನ್ ಬಂತು.

"ಮಂದ ಆಯಿಲ್ ಹಾಕ್ಸಮ್ಮ, ಇಂಜಿನ್ ಗಟ್ಟಿಯಾಗಿರುತ್ತೆ," ಎಂದರು ಕೆಳಮನೆಯ ಕಾಂತರಾಜು. ಮೊಬೈಲಿನಲ್ಲಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಮಾತು.

ಸರ್ವೀಸ್ ಸೆಂಟರಿನಲ್ಲಿ ಭೈರೇಶ್ ಎಂಬಾತ ಮೀಟರ್ ನೋಡಿ ಹುಬ್ಬೇರಿಸಿದ. "ಏನ್ ಮೇಡಂ, ಗಾಡಿ ಓಡೇ ಇಲ್ವಲ್ಲ!"

"ಟೈಮೇ ಆಗಲ್ಲ," ಎಂದಳು ಕುಸುಮಾ. ಅವಳಿಗೆ ಬೇಕಾದಷ್ಟು ಸಮಯವಿತ್ತು.

"ಓಡ್ಲಿಲ್ಲ ಅಂದ್ರೂ ವರ್ಷಕ್ಕೊಂದ್ಸಲ ಆಯಿಲ್ ಬದಲಾಯಿಸ್ಲೇಬೇಕು. ಫುಲ್ ಸಿಂಥೆಟಿಕ್‌ನಲ್ಲಿ ಎರಡು ಥರ ಇದೆ. ತೆಳುವಾಗಿರೋದು ಹಾಕ್ಲಾ, ಮಂದ ಇರೋದಾ?"

ಅವಳು ಪಕ್ಕಕ್ಕೆ ಸರಿದು ದಾವಣಗೆರೆಗೆ ಫೋನ್ ಮಾಡಿದಳು. "ಅಕ್ಕ, ಕಾರಿಗೆ ಯಾವ ಆಯಿಲ್ ಹಾಕ್ಸಲಿ?"

ಆ ಕಡೆ ಕುಕ್ಕರ್ ಕೂಗುತ್ತಿತ್ತು, ತುಂಬಾ ಜನ ಮಾತಾಡುತ್ತಿದ್ದರು. "ಅಯ್ಯೋ, ನೆಂಟರು ಬಂದಿದಾರೆ ಕಣೇ. ನೀನೇ ನೋಡಿ ಹಾಕ್ಸು. ನಿನ್ನ ಕಾರು ತಾನೇ?"

ಲತಾ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ 'ನಮ್ಮ ಕಾರು' ಎಂದು ಬೀದಿಗೆಲ್ಲ ಪೇಡ ಹಂಚಿದವಳು ಅವಳೇ. ಕುಸುಮಾ ಫೋನನ್ನು ಬ್ಯಾಗಿಗೆ ಹಾಕಿದಳು. ಆಮೇಲೆ ಕಾರಿನ ಡ್ಯಾಶ್‌ಬೋರ್ಡಿನಿಂದ ಕಂಪನಿಯ ಪುಸ್ತಕ ತೆಗೆದಳು. ಅದರ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ಬಿಚ್ಚಿರಲಿಲ್ಲ. ಹಾಳೆ ಮಗುಚಿ ಮಗುಚಿ ಆಯಿಲಿನ ಪುಟ ಹುಡುಕಿ ಭೈರೇಶನಿಗೆ ತೋರಿಸಿದಳು.

"ಇಲ್ಲಿ ಝೀರೋ ಡಬ್ಲ್ಯೂ ಟ್ವೆಂಟಿ ಅಂತಿದೆ. ಇದನ್ನೇ ಹಾಕಿ."

"ಅದು ತೆಳುವಾಗಿರೋದು. ಅದೇ ಸರಿ ಮೇಡಂ. ಆದ್ರೆ ಹತ್ತಿರ ಹತ್ತಿರ ಓಡ್ಸಿ ನಿಲ್ಲಿಸಿಬಿಟ್ರೆ ಇಂಜಿನ್ ಸರಿಯಾಗಿ ಬಿಸಿ ಆಗಲ್ಲ, ಆಯಿಲ್ ಬೇಗ ಕೆಡುತ್ತೆ. ಆವಾಗಾವಾಗ ಫ್ಯಾಮಿಲಿ ಕರ್ಕೊಂಡು ದೂರ ಹೋಗ್ಬನ್ನಿ."

ಅವಳು ತಲೆಯಾಡಿಸಿದಳು.

ಆ ಭಾನುವಾರ ಮೈಸೂರು ರಸ್ತೆ ಹಿಡಿದಳು. ಕೆಂಗೇರಿ ದಾಟಿ ತಿರುಗಿಕೊಳ್ಳುವುದೆಂದು ಹೊರಟವಳಿಗೆ ಎಲ್ಲಿ ತಿರುಗಬೇಕೆಂದು ತಿಳಿಯಲಿಲ್ಲ, ಬಿಡದಿಯವರೆಗೂ ಹೋಗಿಬಿಟ್ಟಳು. ತಟ್ಟೆ ಇಡ್ಲಿ ಹೋಟೆಲಿನವನು, "ಎಷ್ಟು ಜನ ಮೇಡಂ?" ಎಂದ. "ಒಬ್ಳೇ," ಎಂದು ಮೂಲೆಯ ಟೇಬಲ್ಲಿಗೆ ಹೋಗಿ ಕೂತಳು.

ಸಂಜೆ ಲತಾಳೇ ಫೋನ್ ಮಾಡಿದಳು. "ಆಯಿಲ್ ಯಾವುದು ಹಾಕಿಸ್ದೆ?"

ಕುಸುಮಾ ಎಲ್ಲ ಹೇಳಿದಳು. ಲತಾ ತಗ್ಗಿದ ದನಿಯಲ್ಲಿ, "ಇಲ್ಲಿ ಯಾವುದಕ್ಕೂ ನನ್ನ ಯಾರೂ ಕೇಳಲ್ಲ ಕಣೇ," ಎಂದಳು.

"ಒಂದು ಭಾನುವಾರ ಬಾ ಅಕ್ಕ," ಎಂದಳು ಕುಸುಮಾ.

ಲತಾ ಬರ್ತೀನಿ ಬರ್ತೀನಿ ಎನ್ನುತ್ತಲೇ ಇದ್ದಾಳೆ. ಕುಸುಮಾ ಈಗಲೂ ಭಾನುವಾರ ಕಾರಿನಲ್ಲಿ ಒಬ್ಬಳೇ ಹೋಗಿಬರುತ್ತಾಳೆ.